ಕಾವಲಿನವನ ಕಲ್ಲು

ನಮ್ಮ ಕಾಸರಗೋಡಿನಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಕೋಟೆಗಳಿಗೆ ಬರವಿಲ್ಲ. ಹೊಳೆಯ ಬದಿಗೊಂದು, ಗುಡ್ಡದ ನೆತ್ತಿಗೊಂದು, ಕಡಲು ಕಾಣುವಲ್ಲಿ ಮತ್ತೊಂದು. ಇಕ್ಕೇರಿಯ ನಾಯಕರು ಕಟ್ಟಿಸಿದರು, ಆಮೇಲೆ ಮೈಸೂರಿನವರು ಹಿಡಿದರು, ಕೊನೆಗೆ ಕುಂಪಣಿಯವರ ಕೈಗೆ ಹೋಯಿತು ಎಂದು ವರ್ಷವರ್ಷವೂ ಅದೇ ಪಾಠವನ್ನು ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ಮಕ್ಕಳಿಗೆ ಇಸವಿ ಬೇಡ, ಕಥೆ ಬೇಕು. ಹಾಗಾಗಿ ಸುರಂಗದ ಕಥೆ, ನಿಧಿಯ ಕಥೆ, ತಲೆ ಇಲ್ಲದ ಕುದುರೆ ಸವಾರನ ಕಥೆ, ಎಲ್ಲವನ್ನೂ ಪಾಠದ ನಡುವೆ ಒಗ್ಗರಣೆಯ ಹಾಗೆ ಹಾಕುತ್ತಿದ್ದೆ. ಆಗೆಲ್ಲ ಅವು ಯಾರಿಗೂ ಕೇಡು ಮಾಡದ ಕಥೆಗಳೆಂದೇ ತಿಳಿದಿದ್ದೆ. ಈಗ ಯಾರಾದರೂ ಕೋಟೆಯ ಕಥೆ ಹೇಳಲು ಬಾಯಿ ತೆರೆದರೆ ನನಗೆ ಮೈ ಉರಿಯುತ್ತದೆ. ಅಂಥದ್ದೊಂದು ಕಥೆಯ ಹಿಂದೆ ತಿರುಗಿಯೇ ನಾನು ನನ್ನ ಅಕ್ಕನನ್ನು ಕಳೆದುಕೊಂಡೆ.

ಅಕ್ಕನನ್ನು ಕೊಟ್ಟದ್ದು ಪುತ್ತಿಗೆ ಕಡೆಗೆ. ಭಾವನದ್ದು ಜಂಕ್ಷನ್ನಿನಲ್ಲಿ ಒಂದು ಸಣ್ಣ ಹೋಟೆಲು. ಎದುರಿಗೆ ಹೋಟೆಲು, ಹಿಂದೆ ಮನೆ, ನಡುವೆ ಅಡುಗೆಮನೆ. ಆ ಅಡುಗೆಮನೆ ಅಕ್ಕನದ್ದು. ಬೆಳಗ್ಗೆ ಮೊದಲ ಬಸ್ಸು ಬರುವ ಮೊದಲು ಇಡ್ಲಿ ಆಗಬೇಕು, ಹತ್ತು ಗಂಟೆಗೆ ಅವಲಕ್ಕಿ ಕಡ್ಲೆ, ಮಧ್ಯಾಹ್ನ ಊಟ, ಸಂಜೆ ಗೋಳಿಬಜೆ, ಬನ್ಸ್. ಭಾವ ಗಲ್ಲದಲ್ಲಿ, ಅಂದರೆ ದುಡ್ಡಿನ ಪೆಟ್ಟಿಗೆಯ ಹಿಂದೆ, ಕೂತು ಬಂದವರ ಜೊತೆ ಲೋಕಾಭಿರಾಮ ಮಾತಾಡುವುದು, ಅಕ್ಕ ಒಳಗೆ ಎಣ್ಣೆಯ ಬಾಣಲೆಯ ಎದುರು ನಿಲ್ಲುವುದು. ಇದು ಅವಳ ಮದುವೆಯಾದ ಮರುವಾರದಿಂದ ನಡೆದುಬಂದ ಕ್ರಮ. ಭಾನುವಾರ ರಜೆಯಿಲ್ಲ, ಹಬ್ಬಕ್ಕೆ ರಜೆಯಿಲ್ಲ. ನಮ್ಮ ತವರಿನ ಮದುವೆ, ಮುಂಜಿಗೂ ಅವಳು ಊಟದ ಹೊತ್ತಿಗೆ ಬಂದು, ಉಂಡ ಕೈ ಒಣಗುವ ಮೊದಲು ಹೊರಡುತ್ತಿದ್ದಳು. "ಸಂಜೆಯದ್ದಕ್ಕೆ ಹಿಟ್ಟು ಕಲಸ್ಲಿಕ್ಕುಂಟು ಮಾರಾಯ್ತಿ" ಅನ್ನುತ್ತಿದ್ದಳು. ನನ್ನ ಗಂಡ ಗಲ್ಫಿನಲ್ಲಿರುವುದರಿಂದ ನಾನು ಕಾರು ಕಲಿತು, ಕಂಡಲ್ಲೆಲ್ಲ ತಿರುಗುತ್ತಿದ್ದೆ. "ಒಂದು ದಿನ ಬಾ, ಎಲ್ಲಾದರೂ ಹೋಗುವ" ಎಂದು ಎಷ್ಟು ಸಲ ಕರೆದಿದ್ದೇನೋ. ನಕ್ಕು ಬಿಡುತ್ತಿದ್ದಳು.

ಅವರಿಗೆ ಮಕ್ಕಳಾಗಲಿಲ್ಲ. ಅದಕ್ಕೆ ನಾಗದೋಷ ಕಾರಣವೆಂದು ಒಮ್ಮೆ ತೀರ್ಮಾನವಾಗಿ, ಅದರ ಶಾಂತಿಯೆಲ್ಲ ಮುಗಿದು, ವಿಷಯ ಅಲ್ಲಿಗೆ ನಿಂತಿತ್ತು. ವೈದ್ಯರ ಹತ್ತಿರ ಹೋದದ್ದಿಲ್ಲ.

ಐವತ್ತೈದು ದಾಟಿದ ಮೇಲೆ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ರಾತ್ರಿ ನಿದ್ದೆಯಿಲ್ಲ. ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದಳು. ನಾನೇ ಎಳೆದುಕೊಂಡು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿನ ಹುಡುಗಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮುಖ ಸಣ್ಣ ಮಾಡಿ, "ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ" ಎಂದರು. ಅಷ್ಟು ಸ್ಪಷ್ಟವಾಗಿ ಹೇಳಿದ ಮಾತು. ಅದೇ ವಾರ ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಭಾವ ಮಂಗಳೂರು ಬೇಡವೆನ್ನಲಿಲ್ಲ. ಅವರ ಜಾಯಮಾನವೇ ಅದು, ಯಾವುದನ್ನೂ ಬೇಡವೆನ್ನುವವರಲ್ಲ, ಮುಂದೆ ಹಾಕುವವರು. "ಹೋಗುವ. ಹೋಗದೆ ಇರ್ಲಿಕ್ಕುಂಟಾ? ಆದರೆ ಮೂಲ ಎಂತದ್ದು ಅಂತ ಗೊತ್ತಾಗದೆ ಮದ್ದು ಮಾಡಿ ಎಂತ ಪ್ರಯೋಜನ? ಮೊದಲು ಒಂದು ಪ್ರಶ್ನೆ ಇಡಿಸುವ" ಎಂದರು. ಜೋಯಿಸರು ಬಂದರು. ಕವಡೆ ಹಾಕಿ, ಎಣಿಸಿ, ಕಣ್ಣು ಮುಚ್ಚಿ ಕೂತು, ಆ ಮನೆಯಲ್ಲಿ ಕೋಟೆಯ ಕಲ್ಲೊಂದು ಇದೆಯೆಂದು ಹೇಳಿದರು. ಭಾವನ ಮುಖ ಅರಳಿತು. ಅವರ ಅಜ್ಜ ಗಾಡಿ ಹೊಡೆಯುತ್ತಿದ್ದವರಂತೆ. ಪಾಳುಬಿದ್ದ ಕೋಟೆಯಿಂದ ಕೆಂಪು ಮುರಕಲ್ಲು ತಂದು ಮನೆಗೆ ಸೇರಿಸಿದ್ದೇನೆಂದು ಕುಡಿದಾಗ ಕೊಚ್ಚಿಕೊಳ್ಳುತ್ತಿದ್ದರಂತೆ. ಅಡುಗೆಮನೆಯ ಹಿಂಬಾಗಿಲಿನ ಮೆಟ್ಟಿಲೇ ಆ ಕಲ್ಲು ಎಂದು ಜೋಯಿಸರೂ ಭಾವನೂ ಸೇರಿ ಪತ್ತೆ ಮಾಡಿದರು. ನಮ್ಮ ಕಡೆ ಯಾವ ಹಳೆಯ ಮನೆಯ ಕಲ್ಲು ಕೆದಕಿದರೂ ಕೋಟೆಯಿಂದ ಬಂದದ್ದೆಂದು ಹೇಳುವವರು ಸಿಗುತ್ತಾರೆ, ಅದು ಬೇರೆ ವಿಷಯ.

ಆಮೇಲೆ ಕಥೆ ಬಂತು. ಕೋಟೆಯ ಗೋಡೆಯ ಮೇಲೆ ಕಾವಲಿಗೆ ನಿಲ್ಲಿಸಿದ ಸೈನಿಕನೊಬ್ಬ ಇದ್ದನಂತೆ. ಬದಲಿ ಆಳು ಬರುವವರೆಗೆ ಕಣ್ಣು ಮುಚ್ಚಬಾರದೆಂದು ಅಪ್ಪಣೆ. ಅಷ್ಟರಲ್ಲಿ ಯುದ್ಧ ಸೋತು, ದಳವಾಯಿ ಓಡಿಹೋಗಿ, ಬದಲಿಗೆ ಬರುವವರು ಯಾರೂ ಉಳಿಯಲಿಲ್ಲ. ಅವನು ನಿಂತೇ ಸತ್ತ. ಈಗಲೂ ಅವನು ನಿಂತ ಕಲ್ಲು ಎಲ್ಲಿಗೆ ಹೋದರೆ ಅಲ್ಲಿಗೆ ಅವನೂ ಹೋಗುತ್ತಾನೆ. ತಾನೂ ಮಲಗುವುದಿಲ್ಲ, ಆ ಕಲ್ಲನ್ನು ಮೆಟ್ಟಿದವರನ್ನೂ ಮಲಗಲು ಬಿಡುವುದಿಲ್ಲ. ದಿನಕ್ಕೆ ನೂರು ಸಲ ಆ ಮೆಟ್ಟಿಲು ಹತ್ತಿ ಇಳಿಯುವವಳು ಅಕ್ಕ. ಆದ್ದರಿಂದ ನಿದ್ದೆ ಹೋದದ್ದು ಅವಳಿಗೆ. ಎಷ್ಟು ಚಂದಕ್ಕೆ ಕೂಡಿಬಂತು ನೋಡಿ. ಅವಳನ್ನು ಆ ಮೆಟ್ಟಿಲು ಅಷ್ಟು ಸಲ ಹತ್ತಿಸಿ ಇಳಿಸಿದವರು ಯಾರು ಎಂದು ಮಾತ್ರ ಯಾವ ಕವಡೆಯೂ ಕೇಳಲಿಲ್ಲ.

ಪರಿಹಾರವೂ ಆಯಿತು. ಕಲ್ಲನ್ನು ಅದರ ಕೋಟೆಗೆ ಮರಳಿಸಬೇಕು. ಮೆಟ್ಟಿದವಳು ಜೊತೆಗೆ ಹೋಗಬೇಕು. ಕಲ್ಲು ಮನೆಯಿಂದ ಹೊರಟ ದಿನ ಒಲೆ ಹೊತ್ತಿಸಬಾರದು. ಕಲ್ಲು ತನ್ನ ಜಾಗಕ್ಕೆ ಸೇರಿದರೆ ಅಂದಿನ ರಾತ್ರಿಯೇ ಅವಳಿಗೆ ನಿದ್ದೆ ಬರುತ್ತದೆ, ಅದೇ ಗುರುತು. ನಿದ್ದೆ ಬಾರದಿದ್ದರೆ ಅದು ಬೇರೆಯವರ ಕೋಟೆ. ಪರಕೋಟೆಯಲ್ಲಿ ಅವನನ್ನು ಬಿಡಬಾರದು, ಇನ್ನೊಂದು ಒಳ್ಳೆಯ ದಿನ ನೋಡಿ ಕಲ್ಲು ಎತ್ತಿ ತಂದು ಮುಂದಿನ ಕೋಟೆಗೆ ಒಯ್ಯಬೇಕು. ಅಜ್ಜ ಗಾಡಿ ಹೊಡೆದದ್ದು ಎಲ್ಲಿಂದ ಎಲ್ಲಿಗೆಂದು ಭಾವ ಕೇಳಿ ಇಟ್ಟುಕೊಂಡಿರಲಿಲ್ಲ. ಹಾಗಾಗಿ ಹತ್ತಿರದ ಕೋಟೆಯಿಂದ ಶುರು ಮಾಡುವುದೆಂದಾಯಿತು. ಮಂಗಳೂರಿನ ಸ್ಕ್ಯಾನು? ಅದು ಕಲ್ಲಿನ ಕೆಲಸ ಮುಗಿದ ಮರುದಿನ.

ನಾನು ಕೂಗಾಡಿದೆ. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡು, "ನೀನು ಓದಿದವಳು, ನಿಂಗೆ ನಂಬಿಕೆ ಇರ್ಲಿಕ್ಕಿಲ್ಲ" ಎಂದರು. ನಾನು ಅಕ್ಕನ ಕಡೆ ತಿರುಗಿ, ಈಗಲೇ ಕಾರು ಹತ್ತು ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಕಲ್ಲಿನದ್ದು ಒಮ್ಮೆ ಮುಗಿಯಲಿ" ಎಂದಳು. ಅವಳೇ ಹಾಗೆಂದ ಮೇಲೆ ನಾನು ಏನು ಮಾಡಲಿ? ಬೇಗ ಮುಗಿಯಲೆಂದು ಕಾರು ಕೊಡಲು ಒಪ್ಪಿದೆ.

ಮೊದಲು ಕುಂಬಳೆಯ ಹತ್ತಿರದ ಆರಿಕ್ಕಾಡಿ ಕೋಟೆ. ಮಳೆ ನಿಂತು ಹುಲ್ಲು ಇನ್ನೂ ಹಸಿರಾಗಿದ್ದ ಕಾಲ. ಅಕ್ಕ ಮದುವೆ ಮನೆಗೆ ಹೊರಟವಳ ಹಾಗೆ ಹಸಿರು ಸೀರೆ ಉಟ್ಟು, ಒಂದು ತುಂಡು ಮಲ್ಲಿಗೆ ಮುಡಿದು ಬಾಗಿಲಲ್ಲಿ ನಿಂತಿದ್ದಳು. ಹೋಟೆಲಿನ ಬಾಗಿಲು ಹಾಕಿತ್ತು. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಭಾವ ಕಲ್ಲನ್ನು ಪಟ್ಟೆವಸ್ತ್ರದಲ್ಲಿ ಸುತ್ತಿ, ಬೇರೆ ಯಾರೂ ಮುಟ್ಟಬಾರದೆಂದು ತಾವೇ ಅಪ್ಪಿ ಹಿಡಿದು, ಏದುಸಿರು ಬಿಡುತ್ತ ಬಂದು ಡಿಕ್ಕಿಯಲ್ಲಿಟ್ಟರು. ಅಕ್ಕನ ಹೊಟ್ಟೆನೋವಿಗೆ ಅಷ್ಟು ಜಾಗ್ರತೆಯ ಕೈ ಎಂದೂ ತಾಗಿದ್ದಿಲ್ಲ.

ದಾರಿಯುದ್ದಕ್ಕೂ ಭಾವ ಕೋಟೆಯ ಕಥೆ ಹೇಳಿದರು. ಗಲ್ಲದಲ್ಲಿ ಕೂತು ಚಾ ಕುಡಿಯಲು ಬಂದವರಿಂದ ಕೇಳಿ ಕೂಡಿಹಾಕಿದ್ದು. ಇಲ್ಲಿನ ಬಾವಿಯೊಳಗಿಂದ ಸುರಂಗವೊಂದು ಕಡಲಿಗೆ ಹೋಗುತ್ತದಂತೆ, ಕುದುರೆಯ ಮೇಲೆ ಕೂತವನು ತಲೆ ಬಗ್ಗಿಸದೆ ಹೋಗಬಹುದಂತೆ. ಅಕ್ಕ ಕೇಳುತ್ತಿರಲಿಲ್ಲ. ಕಿಟಕಿಯ ಗಾಜು ಇಳಿಸಿ, ಹೆದ್ದಾರಿಯ ಹೊಸ ಸೇತುವೆ ಕೆಲಸವನ್ನು ನೋಡುತ್ತ, ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದಳು.

ಕೋಟೆಯೆಂದರೆ ಕಾಡು ಹತ್ತಿದ ಗೋಡೆ, ಒಂದು ಬುರುಜು. ಭಾವ ಒಳಗೊಂದು ಮೂಲೆ ನೋಡಿ ಕಲ್ಲಿಟ್ಟು, ತೆಂಗಿನಕಾಯಿ, ವೀಳ್ಯ ಜೋಡಿಸುತ್ತಿದ್ದಾಗ ನಾನು ಅಕ್ಕನ ಕೈ ಹಿಡಿದು ಬುರುಜು ಹತ್ತಿಸಿದೆ. ಮೇಲೆ ಗಾಳಿ. ಕೆಳಗೆ ಹೊಳೆ ಬಳುಕಿಕೊಂಡು ಹೋಗಿ ಕಡಲು ಸೇರುವುದು ಕಾಣುತ್ತಿತ್ತು. ಹುಟ್ಟಿದಂದಿನಿಂದ ಕಡಲಿನಿಂದ ಕೂಗಳತೆಯಲ್ಲಿ ಬದುಕಿದವಳು ಅವಳು. ಆದರೂ ಬಸ್ಸಿನ ಕಿಟಕಿಯಿಂದ ಚೂರುಚೂರು ಕಂಡದ್ದು ಬಿಟ್ಟರೆ ಅಷ್ಟುದ್ದದ ಕಡಲನ್ನು ಕಂಡವಳಲ್ಲ.

"ಅಲ್ಲಿಂದ ಅಲ್ಲಿವರೆಗೆ ಎಲ್ಲ ನೀರೇಯಾ?" ಎಂದು ಕೇಳಿದಳು.

"ಹೂಂ."

"ನೀನು ಶಾಲೆ ಮಕ್ಕಳನ್ನು ಕರ್ಕೊಂಡು ಹೋಗ್ತಿ ಅಲ್ವಾ, ಅದು ಇದುವೇಯಾ?"

"ಅದು ಬೇಕಲ. ಇದರ ಹತ್ತು ಪಾಲು ದೊಡ್ಡದು."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಳು. ನೋವಾಗುತ್ತದಾ ಎಂದು ಕೇಳಿದೆ. "ಆಗ್ತದೆ. ಆಗ್ಲಿ" ಎಂದಳು. ಹಿಂದೆ ಬರುವಾಗ ಕಾರಿನಲ್ಲಿ ಗಾಜಿಗೆ ತಲೆ ಆನಿಸಿ ಬಾಯಿ ತೆರೆದು ನಿದ್ದೆ ಹೋದಳು. ನಾನು ಖುಷಿಯಿಂದ, ನೋಡಿ ಭಾವ, ನಿದ್ದೆ ಬಂತು, ನಾಳೆ ಮಂಗಳೂರಿಗೆ ಹೋಗುವ ಎಂದೆ. "ಹಗಲು ನಿದ್ದೆ ಲೆಕ್ಕಕ್ಕಿಲ್ಲ" ಎಂದರು ಭಾವ.

ಮರುದಿನ ಬೆಳಗ್ಗೆ ಭಾವನ ಫೋನು ಬಂತು. "ನಿದ್ದೆ ಬರ್ಲಿಲ್ಲವಂತೆ. ಅದು ನಮ್ಮ ಕೋಟೆ ಅಲ್ಲ."

ಮುಂದಿನ ಒಳ್ಳೆಯ ದಿನ ಸಿಗಲು ತಿಂಗಳು ಹೋಯಿತು. ನಡುವೆ ಗ್ರಹಣ, ಅದರ ಮೇಲೆ ಅವರ ಕುಟುಂಬದಲ್ಲೊಂದು ಸೂತಕ. ಸೂತಕದಲ್ಲಿ ಕಲ್ಲು ಮುಟ್ಟಬಾರದು, ಗೋಳಿಬಜೆ ಕರಿಯಬಹುದು. ನಾನು ಶಾಲೆಯಿಂದ ಬರುವ ದಾರಿಯಲ್ಲಿ ಆಗಾಗ ಇಳಿದು ನೋಡುತ್ತಿದ್ದೆ. ಮೆಟ್ಟಿಲು ಕಿತ್ತ ಜಾಗದಲ್ಲಿ ಹೊಂಡ ಹಾಗೇ ಇತ್ತು, ಕೊಡ ಸೊಂಟಕ್ಕಿಟ್ಟುಕೊಂಡು ಅಕ್ಕ ಅದನ್ನು ಹಾರಿ ದಾಟುತ್ತಿದ್ದಳು. ಪ್ರತಿ ಸಲವೂ ಅವಳನ್ನು ಒಂದು ಬದಿಗೆ ಕರೆದು ಆಸ್ಪತ್ರೆಯ ಮಾತೆತ್ತಿದೆ. ಪ್ರತಿ ಸಲವೂ ಅದೇ ಉತ್ತರ, ಕಲ್ಲಿನದ್ದು ಮುಗಿಯಲಿ. ಗಂಡನ ಹುಚ್ಚು ಹೆಂಡತಿಗೂ ಹತ್ತಿತೆಂದು ನಾನು ಹಲ್ಲು ಕಡಿದೆ.

ಎರಡನೆಯ ಸಲ ಬೆಳಗ್ಗೆ ಆರಿಕ್ಕಾಡಿಗೆ ಹೋಗಿ ಕಲ್ಲು ಎತ್ತಿಕೊಂಡು, ಅಲ್ಲಿಂದ ಚೆರ್ಕಳ ದಾಟಿ ಪೊವ್ವಲ್ ಕೋಟೆಗೆ ಹೋದೆವು. ಇಟ್ಟಲ್ಲೇ ಇತ್ತು ಕಲ್ಲು, ಯಾರು ಕದಿಯುತ್ತಾರೆ ಅದನ್ನು? ಪೊವ್ವಲಿನಲ್ಲಿ ಗೋಡೆಗಳು ಇನ್ನೂ ಗಟ್ಟಿ ಇವೆ, ಒಳಗೆ ಹನುಮಂತನ ಗುಡಿಯಿದೆ. ಭಾವನ ಪ್ರಕಾರ ಇಲ್ಲಿಯೂ ಒಂದು ಬಾವಿಯ ಕಥೆ: ದಳವಾಯಿ ಸೋತ ಸುದ್ದಿ ಕೇಳಿ ಅವನ ಹೆಂಡತಿ ಮಾನ ಉಳಿಸಿಕೊಳ್ಳಲು ಬಾವಿಗೆ ಹಾರಿದಳಂತೆ. ಗಂಡಸರು ಕಟ್ಟಿಸಿದ ಯಾವ ಕೋಟೆಯ ಕಥೆ ಕೇಳಿದರೂ ಹೆಂಗಸು ಹಾರಲಿಕ್ಕೆಂದು ಒಂದು ಬಾವಿ ಇದ್ದೇ ಇರುತ್ತದೆ. ಸೋತವನು ಹಾರಿದ ಕಥೆ ನಾನು ಎಲ್ಲೂ ಕೇಳಿಲ್ಲ.

ಅಕ್ಕ ಗೋಡೆಯ ನೆರಳಿನಲ್ಲಿ ಕೂತು ನಾನು ತಂದಿದ್ದ ಬ್ರೆಡ್ಡು ಜಾಮ್ ತಿನ್ನುತ್ತಿದ್ದಳು. ಒಲೆ ಹೊತ್ತಿಸದ ದಿನವಲ್ಲವೇ, ತಿನ್ನಲು ಏನಾದರೂ ನಾನೇ ಒಯ್ಯುತ್ತಿದ್ದೆ. ಬೇರೆಯವರು ಕೊಟ್ಟದ್ದನ್ನು ಕೂತು ತಿನ್ನುವುದು ಅವಳಿಗೆ ಹೊಸತು, ಎರಡೆರಡು ಸಲ ಕೈ ತೊಳೆದು ಕೂತಿದ್ದಳು. ಬಾವಿಯ ಕಥೆ ಕೇಳಿ, "ಮಾನವೂ ಇಲ್ಲ ಎಂತದ್ದೂ ಇಲ್ಲ, ಸೈನ್ಯಕ್ಕೆ ಅಡಿಗೆ ಮಾಡಿ ಮಾಡಿ ಸಾಕಾಗಿರ್ಬೇಕು ಅವಳಿಗೆ" ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಅವಳೂ ನಕ್ಕಳು, ನಗುವಾಗ ಹೊಟ್ಟೆ ಹಿಡಿದುಕೊಂಡು ಮುಖ ಕಿವುಚಿದಳು. ನನ್ನ ನಗು ನಿಂತುಹೋಯಿತು.

ಅಂದು ರಾತ್ರಿಯೂ ನಿದ್ದೆ ಬರಲಿಲ್ಲವೆಂಬ ವರದಿ ಬಂತು. ಮತ್ತೆ ಜೋಯಿಸರು, ಮತ್ತೆ ಒಳ್ಳೆಯ ದಿನ, ಮತ್ತೆ ತಿಂಗಳು.

ಚಂದ್ರಗಿರಿ ಕೋಟೆಗೆ ಹೋಗುವಾಗ ಅಕ್ಕ ಇನ್ನೂ ಇಳಿದಿದ್ದಳು. ಹಸಿರು ಸೀರೆಯ ರವಕೆ ಹೆಗಲಿನಿಂದ ಜಾರುತ್ತಿತ್ತು, ಎರಡು ಪಿನ್ನು ಹಾಕಿ ನಿಲ್ಲಿಸಿದ್ದಳು. ಹೊಳೆಯ ಸೇತುವೆಯ ಮೇಲೆ ನಾನೇ ಒಂದು ಹಳೆಯ ಮಾತು ಹೇಳಿದೆ. ಹಿಂದೆ ಈ ಹೊಳೆಯೇ ಗಡಿ, ಆಚೆಯ ಮಲೆಯಾಳದ ದೊಡ್ಡ ಮನೆಗಳ ಹೆಣ್ಣುಮಕ್ಕಳು ಇದನ್ನು ದಾಟಿ ಈಚೆ ಬರಬಾರದೆಂಬ ಕಟ್ಟಳೆ ಇತ್ತಂತೆ. ಅಕ್ಕ ನೀರನ್ನೇ ನೋಡುತ್ತ, "ಅವರಿಗಾದರೂ ಹೊಳೆವರೆಗೆ ಬರ್ಬಹುದಿತ್ತು" ಎಂದಳು. ಮುಂದಿನ ಸೀಟಿನಲ್ಲಿದ್ದ ಭಾವನಿಗೆ ಅದು ತಾಗಲೇ ಇಲ್ಲ. ಕಲ್ಲಿಡಲು ದಿಕ್ಕು ಯಾವುದೆಂದು ಮೊಬೈಲಿನಲ್ಲಿ ದಿಕ್ಸೂಚಿ ಹುಡುಕುತ್ತಿದ್ದರು.

ಆ ಕೋಟೆಯ ಮೇಲೆ ನಾನು ಅವಳನ್ನು ಕೊನೆಯ ಸಲ ಬೇಡಿಕೊಂಡೆ. ಭಾವ ದೂರದಲ್ಲಿದ್ದರು. "ಅಕ್ಕ, ನೀನು ಹೀಗೆ ಸವೆಯುವುದನ್ನು ನೋಡ್ಲಿಕ್ಕೆ ನಂಗೆ ಆಗುವುದಿಲ್ಲ. ಇವತ್ತೇ ಹೋಗುವ. ಅವರಿಗೆ ನಾನು ಹೇಳ್ತೇನೆ" ಎಂದೆ. ಕಣ್ಣಲ್ಲಿ ನೀರು ಬಂದಿತ್ತು ನನಗೆ. ಅವಳು ನನ್ನ ಕೆನ್ನೆ ಒರೆಸಿ, "ಬೇಕಲ ಒಂದು ಆಗ್ಲಿ ಮಾರಾಯ್ತಿ. ಮತ್ತೆ ನೀನು ಹೇಳಿದಲ್ಲಿಗೆ ಬರ್ತೇನೆ, ದೇವರಾಣೆ" ಎಂದಳು. ಈ ಕಲ್ಲಿನ ಪಿತ್ತ ಅವಳ ತಲೆಗೂ ಏರಿತಲ್ಲ ಎಂದು ಸಂಕಟವಾಯಿತು. ಇನ್ನು ಒಂದೇ ಕೋಟೆ, ಆಮೇಲೆ ಯಾರ ಮಾತೂ ಕೇಳುವುದಿಲ್ಲವೆಂದು ನಿಶ್ಚಯಿಸಿದೆ.

ಬೇಕಲಕ್ಕೆ ಹೋದಾಗ ಬಿಸಿಲು ಸುರುವಾಗಿತ್ತು. ಅಲ್ಲಿ ಗೇಟು, ಟಿಕೇಟು, ಕಾವಲುಗಾರರು ಎಲ್ಲ ಇದ್ದಾರೆ. ಕಲ್ಲು ಹೊತ್ತು ಒಳಗೆ ಹೋಗಲು ಬಿಡುವುದಿಲ್ಲವೆಂದು ಭಾವನಿಗೆ ಮೊದಲೇ ಗೊತ್ತಿತ್ತು. ಗೋಡೆಯ ಹೊರಬದಿಗೆ, ಕಡಲ ಕಡೆಯ ಬಂಡೆಗಳ ನಡುವೆ ಇಡುತ್ತೇನೆಂದು ಅವರು ಆ ಕಡೆ ಹೋದರು. ನಾನು ಅಕ್ಕನನ್ನು ಮುಖ್ಯ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದೆ. ಬಾಗಿಲ ಹತ್ತಿರದ ಹನುಮಂತನಿಗೆ ಕೈ ಮುಗಿದಳು. ಒಳಗೆ ಹುಲ್ಲಿನ ದಾರಿ, ಮದುವೆಯ ಫೋಟೋ ತೆಗೆಸುವ ಜೋಡಿಗಳು, ಐಸ್‌ಕ್ರೀಂ ಹಿಡಿದ ಸಂಸಾರಗಳು. ಅವಳು ಎಲ್ಲರನ್ನೂ ನಿಂತು ನಿಂತು ನೋಡಿದಳು. "ಇಷ್ಟು ಜನಕ್ಕೆ ಇವತ್ತು ಕೆಲಸ ಇಲ್ವಾ?" ಎಂದು ಆಶ್ಚರ್ಯಪಟ್ಟಳು.

ಕಡಲ ಬದಿಯ ಬುರುಜಿನ ಹತ್ತಿರ ಗೋಡೆಗೆ ಒರಗಿ ನಿಂತು ಕೆಳಗೆ ಅಲೆ ಒಡೆಯುವುದನ್ನು ನೋಡುತ್ತಿದ್ದವಳು ಮೆಲ್ಲ ಕೂತಳು. ಕೂತವಳು ಏಳಲಿಲ್ಲ. ಎಬ್ಬಿಸಲು ಬಗ್ಗಿದಾಗ ಸೀರೆಯ ಹಿಂಬದಿ ಕಂಡಿತು. ನೆರಿಗೆಯವರೆಗೂ ರಕ್ತ. ನಿಂತು ವರ್ಷಗಳಾಗಿದ್ದ ಮುಟ್ಟು ತಿಂಗಳುಗಳ ಹಿಂದೆಯೇ ಮತ್ತೆ ಕಾಣಿಸಿಕೊಂಡಿತ್ತು, ಬಟ್ಟೆ ಮಡಚಿಟ್ಟುಕೊಂಡು ಯಾರಿಗೂ ಹೇಳದೆ ಒಲೆಯ ಎದುರು ನಿಂತಿದ್ದಳು ಎಂದು ಆಗ ಗೊತ್ತಾಯಿತು. ಕಾವಲುಗಾರನೊಬ್ಬ ಓಡಿಬಂದು ಗಾಲಿಕುರ್ಚಿ ತಂದುಕೊಟ್ಟ, ಒಂದು ಮಾತೂ ಕೇಳದೆ ಗೇಟಿನವರೆಗೆ ತಳ್ಳಿಕೊಂಡು ಬಂದ. ನಾನು ಭಾವನಿಗೆ ಫೋನು ಮಾಡಿದೆ.

"ಕಲ್ಲು ಇಟ್ಟು ಆಗ್ಲಿಲ್ಲ. ಸ್ವಲ್ಪ ನಿಲ್ಲಿ, ಕಾಯಿ ಒಡೆದು ಬರ್ತೇನೆ" ಎಂದರು.

ನಿಲ್ಲಲಿಲ್ಲ. ಅವರನ್ನೂ ಅವರ ಕಲ್ಲನ್ನೂ ಕಡಲ ಬದಿಯಲ್ಲೇ ಬಿಟ್ಟು ನೇರ ಮಂಗಳೂರಿಗೆ ಕಾರು ಓಡಿಸಿದೆ. ಅಷ್ಟೂ ತಿಂಗಳಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಭಾವ ಸಂಜೆ ಬಸ್ಸು ಹಿಡಿದು ಆಸ್ಪತ್ರೆಗೆ ಬಂದರು. ಕೈಯಲ್ಲಿ ಗೋಣಿ, ಗೋಣಿಯೊಳಗೆ ಕಲ್ಲು. ಕ್ರಮಪ್ರಕಾರ ಇಟ್ಟು ಆಗಿರಲಿಲ್ಲವಲ್ಲ, ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. ಒಳಗೆ ತರಬಾರದೆಂದು ಗೇಟಿನವರು ತಡೆದರು, ಅವರ ಜೊತೆ ವಾದಕ್ಕೆ ನಿಂತರು. ಹೆಂಡತಿ ಯಾವ ವಾರ್ಡಿನಲ್ಲಿದ್ದಾಳೆಂದು ಕೇಳಿದ್ದು ಆಮೇಲೆ.

ಡಾಕ್ಟರಮ್ಮ ವಯಸ್ಸಾದವರು. ರಿಪೋರ್ಟುಗಳೆಲ್ಲ ಬಂದ ಮೇಲೆ ನನ್ನನ್ನು ಕೂರಿಸಿ, ಗರ್ಭಕೋಶದಲ್ಲಿ ಶುರುವಾದದ್ದು ಈಗ ಎಲ್ಲ ಕಡೆ ಹರಡಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದರು. "ಆರೇಳು ತಿಂಗಳ ಮೊದಲು ಬಂದಿದ್ದರೆ ಮಾತು ಬೇರೆ ಇತ್ತು. ಇಷ್ಟು ದಿನ ಎಂತ ಮಾಡ್ತಾ ಇದ್ರಿ ನೀವು?" ಎಂದು ಕೇಳಿದರು. ಕೋಟೆ ನೋಡುತ್ತಿದ್ದೆವು ಎಂದು ಹೇಳಲು ಬಾಯಿ ಬರಲಿಲ್ಲ.

ಒಂದು ಮಧ್ಯಾಹ್ನ ಭಾವ ಊಟಕ್ಕೆ ಇಳಿದಿದ್ದಾಗ ನಾನು ಅಕ್ಕನ ಮಂಚದ ಬದಿಯಲ್ಲಿ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ಅವಳಿಗೆ ಕೇಳಿಸಬಾರದ ಮಾತುಗಳೂ ಬಂದವು. ಆ ಮನುಷ್ಯ ನಿನ್ನನ್ನು ಕೊಂದ, ಕೈಯಾರೆ ಕೊಂದ, ಕಲ್ಲಿಗೆ ಕೊಟ್ಟ ಮರ್ಯಾದೆ ನಿನಗೆ ಕೊಡಲಿಲ್ಲ ಎಂದೆಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅವರಿಗೆ ಬೈಬೇಡ" ಎಂದಳು. "ಕುಂಬಳೆ ಕೋಟೆಗೆ ಹೋದೆವಲ್ಲ, ಅವತ್ತು ರಾತ್ರಿ ನಂಗೆ ನಿದ್ದೆ ಬಂದಿತ್ತು."

ನನಗೆ ಅರ್ಥವಾಗಲಿಲ್ಲ.

"ಒಳ್ಳೆ ನಿದ್ದೆ. ಹತ್ತಿ ಇಳಿದು ಸುಸ್ತಾಗಿತ್ತು ಕಾಣ್ತದೆ. ಬೆಳಗ್ಗೆ ಅವರೇ ಬಂದು ಎಬ್ಬಿಸಿದ್ದು, ನಿದ್ದೆ ಬಂತಾ ಅಂತ ಕೇಳಿದ್ರು. ಇಲ್ಲ ಅಂತ ಹೇಳಿದೆ. ಈಗಷ್ಟೇ ಕಣ್ಣು ಹತ್ತಿದ್ದು ಅಂತ."

"ಯಾಕೆ?" ಎಂದೆ.

"ಬಂತು ಅಂತ ಹೇಳಿದ್ರೆ ಅಲ್ಲಿಗೆ ಮುಗೀತಲ್ಲ. ಮತ್ತೆ ಆಸ್ಪತ್ರೆ, ಆಸ್ಪತ್ರೆಯಿಂದ ಬಂದ್ರೆ ಪುನಃ ಒಲೆ. ನೀನು ಬೇಕಲ ಅದರ ಹತ್ತು ಪಾಲು ದೊಡ್ಡದು ಅಂತ ಹೇಳಿದ್ದಿ. ಒಮ್ಮೆ ನೋಡುವ ಅಂತ ಆಯ್ತು." ಹೊದಿಕೆ ಮೇಲೆಳೆದುಕೊಂಡು, "ನೋವು ಅಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ ನಂಗೆ. ಆಮೇಲೆ ಆಮೇಲೆ ನಿಜವಾಗಿಯೂ ನಿದ್ದೆ ಬರ್ಲಿಲ್ಲ" ಎಂದಳು.

ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಕಾಲು ಹಿಡಿದು ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಕಿಟಕಿಯ ಹತ್ತಿರ ಹೋಗಿ ನಿಂತೆ. ಅಷ್ಟು ದಿನ ಭಾವನ ಮೇಲೆ ಕೂಡಿಹಾಕಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಮೂವತ್ತು ವರ್ಷದ ಹತ್ತಿರ ಒಲೆಯ ಎದುರು ನಿಂತ ಹೆಂಗಸೊಬ್ಬಳಿಗೆ ಒಂದು ದಿನ ರಜೆ ಸಿಗಬೇಕಾದರೆ ಮನೆಗೆ ಶಾಪ ತಗಲಬೇಕಾಯಿತು. ಆ ಶಾಪ ತೀರಬಾರದೆಂದು ಅವಳು ಬಯಸಿದಳು. ಇದನ್ನು ಯಾರ ತಪ್ಪೆಂದು ಬರೆಯಲಿ? ಒಂದು ಭಾನುವಾರ ಆ ಹೋಟೆಲಿನ ಬಾಗಿಲು ಹಾಕಿದ್ದರೆ ಸಾಕಿತ್ತು. ಅವಳು ಬೇಕಲ ನೋಡಿ ಬರುತ್ತಿದ್ದಳು, ಮರುದಿನ ಸ್ಕ್ಯಾನಿಗೂ ಬರುತ್ತಿದ್ದಳು.

ಮಳೆ ಹಿಡಿಯುವ ಮೊದಲು ಅಕ್ಕ ಹೋದಳು.

ಹದಿಮೂರನೆಯ ದಿನದ ಊಟಕ್ಕೆ ಬಂದವರ ನಡುವೆ ಭಾವ ಎಲೆಯಿಂದ ಎಲೆಗೆ ನಡೆಯುತ್ತ ಹೇಳುತ್ತಿದ್ದರು. ಸರಿಯಾದ ಕೋಟೆ ಸಿಗಲಿಲ್ಲ. ನಾಲ್ಕು ಕಡೆ ಒಯ್ದೆ, ಅವನು ಒಪ್ಪಲಿಲ್ಲ. ಬೇಕಲದಾಚೆಯ ಹೊಸದುರ್ಗದ್ದು ಒಂದು ಬಾಕಿ ಇತ್ತು, ಅಲ್ಲಿಗೆ ಹೋಗಿದ್ದರೆ ಬದುಕುತ್ತಿದ್ದಳು. ಅಷ್ಟರಲ್ಲಿ ಅವಸರ ಮಾಡಿ ಮಂಗಳೂರಿಗೆ ಒಯ್ದರು. ಒಯ್ದದ್ದು ಯಾರೆಂದು ಹೇಳಲಿಲ್ಲ, ಆದರೆ ಪಾಯಸ ಬಡಿಸುತ್ತಿದ್ದ ನನ್ನ ಕಡೆಗೆ ನಾಲ್ಕು ಮುಖ ತಿರುಗಿದವು. ಕೇಳಿದವರು ಅಯ್ಯೋ ಅಂದರು. ಹೋಟೆಲಿನಲ್ಲಿ ಈಗ ಸಂಬಳದ ಅಡುಗೆಯವನಿದ್ದಾನೆ, ವಾರಕ್ಕೊಂದು ದಿನ ಅವನಿಗೆ ರಜೆಯೂ ಉಂಟು. ಭಾವ ಗಲ್ಲದಲ್ಲಿ ಕೂತು ಚಾ ಕುಡಿಯಲು ಬಂದವರಿಗೆಲ್ಲ ಕಾವಲಿನವನ ಕಥೆಯ ಕೊನೆಗೆ ಅಕ್ಕನ ಸಾವನ್ನೂ ಸೇರಿಸಿ ಹೇಳುತ್ತಾರೆ.

ಅವರಿಗೆ ನಿಜ ಹೇಳಬಹುದಿತ್ತು. ಎಷ್ಟೋ ಸಲ ಬಾಯಿಯವರೆಗೆ ಬಂದದ್ದನ್ನು ನುಂಗಿದ್ದೇನೆ. ಹೇಳಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಮೊದಲ ರಾತ್ರಿಯೇ ನಿದ್ದೆ ಬಂದಿತ್ತಾ? ಹಾಗಾದರೆ ಅದೇ ಸರಿಯಾದ ಕೋಟೆ! ಕಲ್ಲು ಜಾಗಕ್ಕೆ ಸೇರಿತ್ತು, ಅವನು ಕಣ್ಣು ಮುಚ್ಚಿದ್ದ, ಸುಳ್ಳು ಹೇಳಿ ಅವನನ್ನು ಮತ್ತೆ ಎಬ್ಬಿಸಿ ತಂದವಳು ಇವಳೇ. ಅಲ್ಲಿಗೆ ಜೋಯಿಸರು ಹೇಳಿದ್ದು ಅಕ್ಷರಶಃ ಸತ್ಯವಾಗುತ್ತದೆ. ಈಗ ಕಥೆ ಕೇಳಿದವರು ಅಕ್ಕನಿಗಾಗಿ ಅಯ್ಯೋ ಅನ್ನುತ್ತಾರೆ, ಆಗ ತಕ್ಕದ್ದೇ ಆಯಿತು ಅನ್ನುತ್ತಾರೆ. ಇಲ್ಲಿ ಬರೆಯುತ್ತಿರುವುದು ಕೂಡ, ಭಾವ ಪೇಪರಿನ ಮರಣದ ಸುದ್ದಿ ಬಿಟ್ಟು ಬೇರೇನೂ ಓದುವವರಲ್ಲ ಎಂಬ ಧೈರ್ಯದಿಂದ.

ಈ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪ್ರಾದೇಶಿಕ ಚರಿತ್ರೆಯ ಪ್ರಾಜೆಕ್ಟು ಇತ್ತು. ಪುತ್ತಿಗೆ ಕಡೆಯಿಂದ ಬರುವ ಹುಡುಗಿಯೊಬ್ಬಳು ಕೋಟೆಗಳ ಐತಿಹ್ಯವನ್ನು ಆರಿಸಿಕೊಂಡಿದ್ದಳು. ಚಂದದ ಅಕ್ಷರ, ಬಣ್ಣದ ಚಿತ್ರಗಳು. ಕೊನೆಯ ಪುಟದಲ್ಲಿ, ಹಿಂದೊಮ್ಮೆ ನಮ್ಮ ಊರಿನ ಒಬ್ಬ ಹೆಂಗಸು ಕೋಟೆಯ ಕಲ್ಲನ್ನು ಮೆಟ್ಟಿದ್ದರಿಂದ ಕಾವಲಿನವನ ಕೋಪಕ್ಕೆ ಗುರಿಯಾಗಿ ನಿದ್ದೆಯಿಲ್ಲದೆ ಸತ್ತಳು ಎಂದು ಬರೆದಿದ್ದಳು. ಯಾರು ಹೇಳಿದ್ದೆಂದು ಕೇಳಿದೆ. "ಎಲ್ಲರಿಗೂ ಗೊತ್ತುಂಟಲ್ಲ ಟೀಚರ್" ಎಂದಳು. ಪ್ರಾಜೆಕ್ಟಿನಲ್ಲಿ ಇರಬೇಕೆಂದು ನಾನು ಹೇಳಿದ್ದ ಎಲ್ಲವೂ ಅದರಲ್ಲಿತ್ತು, ಕಡಿಮೆ ಗ್ರೇಡು ಕೊಡಲು ಕಾರಣವೇ ಇರಲಿಲ್ಲ. ಎ ಗ್ರೇಡ್ ಹಾಕಿ, ಕೆಳಗೆ ನನ್ನ ರುಜು ಮಾಡಿ ಕೊಟ್ಟೆ.